ಪಟ ಹರಿದೋರ ಮನೆ

ನಮ್ಮ ಊರಿನಲ್ಲಿ ಒಂದು ಮನೆಗೆ ‘ಪಟ ಹರಿದೋರ ಮನೆ’ ಅಂತ ಹೆಸರು. ದೊಡ್ಡಆಲಹಳ್ಳಿ ಕಡೆಯಿಂದ ಬಸ್ಸಿನಲ್ಲಿ ಬಂದಿಳಿದು ಯಾರನ್ನು ಕೇಳಿದರೂ ಕೈ ಮಾಡಿ ತೋರಿಸುತ್ತಾರೆ. ಅದು ನನ್ನ ಓರಗಿತ್ತಿಯ ಮನೆ. ನನ್ನ ಗಂಡನ ತಮ್ಮನ ಹೆಂಡತಿ ಅವಳು. ಅವಳ ಮನೆಗೂ ನನ್ನ ಮನೆಗೂ ನಡುವೆ ಒಂದೇ ಗೋಡೆ. ಅವಳು ಯಾವ ಗಾಳಿಪಟವನ್ನೂ ಹರಿದವಳಲ್ಲ. ಹರಿದವಳು ನಾನು. ಮೂವತ್ತು ವರ್ಷ ಇದನ್ನು ಯಾರಿಗೂ ಹೇಳಲಿಲ್ಲ.

ನಾನು ಓದಿದ್ದು ಮೂರನೇ ಕ್ಲಾಸು. ಬರೆದದ್ದನ್ನು ಸೊಸೆ ತಿದ್ದಿದ್ದಾಳೆ. ಕಾಗುಣಿತ ತಿದ್ದು, ಮಾತು ತಿದ್ದಬೇಡ ಅಂದಿದ್ದೇನೆ.

ಗಾಳಿಪಟ ಮಾಡುವುದು ಗಂಡುಹುಡುಗರ ಕೆಲಸ. ನನಗೆ ಅದು ಅಂಟಿಕೊಂಡದ್ದು ಮದುವೆಯಾದ ಮೇಲೆ, ಮೊದಲನೇ ಆಷಾಢದಲ್ಲಿ. ಆ ತಿಂಗಳು ಅತ್ತೆ, ಹೊಸ ಸೊಸೆ ಒಂದೇ ಹೊಸಿಲು ದಾಟಬಾರದು. ಎಲ್ಲ ಹೆಣ್ಣುಮಕ್ಕಳೂ ತವರಿಗೆ ಹೋಗಿ ತಿಂದುಂಡು ಬರುತ್ತಾರೆ. ನನಗೆ ತವರೇ ಇರಲಿಲ್ಲ. ಅವ್ವ ಮೊದಲೇ ಸತ್ತಿದ್ದಳು. ಅಪ್ಪ ನನ್ನ ಮದುವೆ ಮುಗಿಸಿ ಮೂರು ತಿಂಗಳಿಗೆ ಹೋದ. ಒಡಹುಟ್ಟಿದವರು ಇಲ್ಲ. ಅತ್ತೆ ಒಂದು ದಿನ ಯೋಚನೆ ಮಾಡಿ ದಾರಿ ಹುಡುಕಿದಳು.

‘ಹುಳದ ಮನೇಲಿರು ಕಣಮ್ಮಿ. ಅದರ ಹೊಸ್ಲು ಬ್ಯಾರೆ, ಈ ಮನೆ ಹೊಸ್ಲು ಬ್ಯಾರೆ. ಒಂದ್ ತಿಂಗ್ಳು ನಾನು ಅಲ್ಲಿಗ್ ಬರಾಕಿಲ್ಲ, ನೀನು ಇಲ್ಲಿಗ್ ಬರಬ್ಯಾಡ.’

ಹುಳದ ಮನೆ ಅಂದರೆ ರೇಷ್ಮೆಹುಳ ಸಾಕುವ ಮನೆ. ಹಿತ್ತಿಲಲ್ಲಿತ್ತು. ಒಂದು ಬಾಗಿಲು, ಎರಡು ಕಿಟಕಿ. ಊಟವನ್ನು ಒಗೆಯುವ ಕಲ್ಲಿನ ಮೇಲೆ ಇಟ್ಟು ಅತ್ತೆ ಹಿಂದಕ್ಕೆ ಹೋಗುತ್ತಿದ್ದಳು, ನಾನು ಬಂದು ಎತ್ತಿಕೊಳ್ಳುತ್ತಿದ್ದೆ. ಗಂಡ ಬಂದರೂ ಬಾಗಿಲಲ್ಲಿ ನಿಂತು ಹೋಗಬೇಕು. ಹುಳಕ್ಕೆ ಸೊಪ್ಪು ಹಾಕುವುದು, ಹಿಕ್ಕೆ ಬಳಿಯುವುದು. ಅದು ಮುಗಿದ ಮೇಲೆ ಮಾತಾಡಲು ಹುಳಗಳೇ. ಅವು ಸೊಪ್ಪು ತಿನ್ನುವ ಸದ್ದು ಕೇಳಿಕೊಂಡು ಎಷ್ಟು ಹೊತ್ತು ಕೂರುವುದು?

ಮೂಲೆಯಲ್ಲಿ ಮುರಿದ ಚಂದ್ರಿಕೆಗಳು ಬಿದ್ದಿದ್ದವು. ಹಣ್ಣಾದ ಹುಳವನ್ನು ಗೂಡು ಕಟ್ಟಲು ಬಿಡುವ ಬಿದಿರಿನ ತಟ್ಟಿ ಅದು. ವರ್ಷಗಟ್ಟಲೆ ಹೊಗೆ, ಬಿಸಿಲು ಕಂಡ ಬಿದಿರು ಒಣಗಿ ಗರಿಯಷ್ಟು ಹಗುರವಾಗಿರುತ್ತದೆ, ಬಾಗಿಸಿದರೆ ಮುರಿಯುವುದಿಲ್ಲ. ಕುಡುಗೋಲಿನಲ್ಲಿ ಸೀಳಿ ಎರಡು ಕಡ್ಡಿ ಮಾಡಿದೆ. ಒಂದು ನೆಟ್ಟಗೆ, ಒಂದು ಬಿಲ್ಲು. ಕಾಗದ ಬೇಕಲ್ಲ? ಮರಿ ಹುಳಕ್ಕೆ ಹೊದಿಸುವ ಮೇಣದ ಕಾಗದ ಇತ್ತು. ಅದಕ್ಕೆ ಅಂಟು ನಿಲ್ಲುವುದಿಲ್ಲ. ಗಂಜಿ ಹಚ್ಚಿದೆ, ಜಾರಿತು. ಆಮೇಲೆ ಸೂಜಿ ದಾರ ತಗೊಂಡು ರವಿಕೆ ಹೊಲಿದ ಹಾಗೆ ಕಡ್ಡಿಗೆ ಹೊಲಿದೆ. ಆಷಾಢದ ಜಡಿಮಳೆಗೆ ಹುಡುಗರ ಪಟಗಳೆಲ್ಲ ನೆಂದು ಮುದ್ದೆಯಾದವು. ನನ್ನದರ ಮೇಲೆ ನೀರು ಬಿದ್ದರೆ ಕೆಸವಿನ ಎಲೆಯ ಮೇಲೆ ಬಿದ್ದ ಹಾಗೆ ಉರುಳಿ ಹೋಯಿತು.

ಆದರೆ ಅದು ಹಾರಲಿಲ್ಲ. ಆಳೆತ್ತರ ಏಳುವುದು, ಗಿರಗಿರ ಸುತ್ತುವುದು, ಮೂತಿ ಕೆಳಗೆ ಮಾಡಿ ನೆಲಕ್ಕೆ ಕುಕ್ಕುವುದು. ಮೂರು ಆಷಾಢ ಹೀಗೇ ಕಳೆಯಿತು. ಪಟದ ಎದೆಗೆ ಕಟ್ಟುವ ಒಳದಾರಕ್ಕೆ ಸೂತ್ರ ಅನ್ನುತ್ತಾರೆ. ಹಾರಿಸುವ ದಾರವನ್ನು ಅದಕ್ಕೇ ಕಟ್ಟುವುದು. ಅದು ಸರಿಯಿಲ್ಲದಿದ್ದರೆ ಪಟಕ್ಕೆ ಗಾಳಿ ಯಾವ ಕಡೆಯಿಂದ ಬರುತ್ತಿದೆ ಅಂತಲೇ ಗೊತ್ತಾಗುವುದಿಲ್ಲ. ನನ್ನ ಕೈಗೆ ಸೂತ್ರ ಹತ್ತಲಿಲ್ಲ.

ನಾಲ್ಕನೇ ವರ್ಷ ಓರಗಿತ್ತಿ ಬಂದಳು. ಚನ್ನಪಟ್ಟಣದ ಕಡೆಯವಳು. ಅವಳಿಗೆ ತವರಿತ್ತು, ಆದರೆ ಮಲತಾಯಿ. ಆಷಾಢಕ್ಕೆ ಅಂತ ಹೋದವಳನ್ನು ಎಂಟೇ ದಿನಕ್ಕೆ ವಾಪಸ್ಸು ಕಳಿಸಿದರು. ಅತ್ತೆ ಅವಳನ್ನೂ ಹುಳದ ಮನೆಗೇ ತಳ್ಳಿದಳು. ಬಂದವಳು ನನ್ನ ಪಟ ನೋಡಿ ನಕ್ಕಳು.

‘ಅಕ್ಕ, ಇದೇನು, ಮೊರಕ್ಕೆ ಸೀರೆ ಉಡ್ಸಿದ್ದೀಯಾ?’

‘ನಗು, ನಗು. ನೀನು ಎತ್ತು ನೋಡಾನ ಇದ.’

ಅವಳು ನಾನು ಕಟ್ಟಿದ್ದ ಸೂತ್ರವನ್ನು ಹಲ್ಲಿನಲ್ಲಿ ಕಚ್ಚಿ ಹರಿದು ಬಿಸಾಕಿದಳು. ಬೇರೆ ಕಟ್ಟಿದಳು. ಎಷ್ಟು ಹೊತ್ತು ಹಿಡಿಯಿತೋ ಕಾಣೆ, ನಾನು ಸೊಪ್ಪು ಹೆಚ್ಚಲು ಕೂತಿದ್ದೆ. ಹಿತ್ತಿಲಿಗೆ ಹೋಗಿ ಕೈ ಬಿಟ್ಟಳು ನೋಡಿ, ಪಟ ಮೆಟ್ಟಿಲು ಹತ್ತಿದ ಹಾಗೆ ಹತ್ತಿತು. ಕಡ್ಡಿ ಸೀಳುವುದು ಅವಳಿಗೆ ಬರುತ್ತಿರಲಿಲ್ಲ, ಎರಡು ಸಲ ಬೆರಳು ಕುಯ್ದುಕೊಂಡಳು. ಅವತ್ತಿನಿಂದ ಕಡ್ಡಿ, ಹೊಲಿಗೆ ನಂದು. ಬಣ್ಣ, ಸೂತ್ರ ಅವಳದು ಅಂತಾಯಿತು. ಬಣ್ಣದ ಕಾಗದದಲ್ಲಿ ಹೂವು, ಗಿಣಿ, ಒಂದು ಸಲ ಅತ್ತೆಯ ಮುಖ ಕತ್ತರಿಸಿ ಹೊಲಿಯಲು ಕೊಟ್ಟಳು. ಅವಳು ಸೂತ್ರ ಕಟ್ಟುವಾಗ ನಾನು ಒಂದು ದಿನವೂ ಪಕ್ಕ ಕೂತು ನೋಡಲಿಲ್ಲ. ಎರಡು ಗಂಟು ಹಾಕುವುದು ಏನು ಮಹಾ ಅಂದುಕೊಂಡಿದ್ದೆ.

ಹೆಂಗಸರು ಪಟ ಹಾರಿಸಿದರೆ ಊರವರು ಬಿಡುತ್ತಾರಾ? ನಮಗೆ ಒಂದು ದಿನ ಸಿಗುತ್ತಿತ್ತು. ಗೂಡು ಬಿಡಿಸಿ ಗಂಡಸರು ರಾಮನಗರದ ಗೂಡಿನ ಮಾರ್ಕೆಟ್ಟಿಗೆ ಹೋದ ದಿನ. ಕತ್ತಲಲ್ಲೇ ಹೊರಟರೆ ಬರುವುದು ಸಂಜೆಗೆ. ನಮ್ಮ ಬೀದಿಯ ಮುಕ್ಕಾಲು ಗಂಡಸರು ಅವತ್ತು ಊರಲ್ಲಿರುತ್ತಿರಲಿಲ್ಲ. ಸೊಪ್ಪು ಕುಯ್ದ ಹೊಲದಲ್ಲಿ ನಾವಿಬ್ಬರು ಆಳೆತ್ತರದ ಪಟ ಎತ್ತುತ್ತಿದ್ದೆವು. ಒಬ್ಬಳು ದಾರ, ಒಬ್ಬಳು ಪಟ. ಸೆರಗನ್ನು ಸೊಂಟಕ್ಕೆ ಬಿಗಿದು ಓಡುತ್ತಿದ್ದೆವು. ಅತ್ತೆ ಹಿಂದಿನ ಜಗುಲಿಯಲ್ಲಿ ಕಾಳು ಆರಿಸುವ ಹಾಗೆ ಕೂತು ಮೇಲೆ ನೋಡುತ್ತಿದ್ದಳು. ಮಕ್ಕಳಾದರೂ ನಾವು ಬಿಡಲಿಲ್ಲ, ಅವಳೂ ನೋಡುವುದು ಬಿಡಲಿಲ್ಲ. ಬೈಯಲಿಲ್ಲ, ಹೊಗಳಲೂ ಇಲ್ಲ. ಒಂದೇ ಒಂದು ಸಲ, ‘ಬಾಲ ಒಸಿ ಉದ್ದ ಆಯ್ತು’ ಅಂದಳು. ಸರಿಯಾಗೇ ಹೇಳಿದ್ದಳು.

ಹೀಗೆ ಹದಿನೆಂಟು ವರ್ಷ. ಆಮೇಲೆ ಅಣ್ಣತಮ್ಮಂದಿರು ಬೇರೆಯಾದರು. ಯಾಕೆ ಅಂತ ಕೇಳಬೇಡಿ. ಯಾವ ಮನೆಯಲ್ಲೂ ಸರಿಯಾದ ಕಾರಣ ಇರುವುದಿಲ್ಲ. ಪಾಲು ಮಾಡಲು ನಾಲ್ಕು ಜನ ಯಜಮಾನರು ಬಂದು ಕೂತರು. ಹೊಲ, ಮನೆ, ದನ, ಪಾತ್ರೆ, ಕೊನೆಗೆ ಹುಳದ ಮನೆ. ನಡುವೆ ಗೋಡೆ ಎತ್ತುವುದು ಅಂತ ಆಯಿತು. ಬಾಗಿಲಿದ್ದ ಅರ್ಧ ಮೈದುನನ ಪಾಲಿಗೆ ಬಂತು. ನಮ್ಮ ಅರ್ಧಕ್ಕೆ ಗೋಡೆ ಒಡೆದು ಹೊಸ ಬಾಗಿಲು ಇಡಬೇಕು. ನನಗೆ ಅಲ್ಲಿಗೇ ಮೈಯೆಲ್ಲ ಉರಿಯಿತು. ನಾನು ಮೊದಲ ಆಷಾಢ ಕಳೆದ ಬಾಗಿಲು ಅದು, ಅವಳಿಗೆ ಯಾಕೆ ಹೋಗಬೇಕು?

ಆ ವರ್ಷದ ಪಟವನ್ನು ಹುಳದ ಮನೆಯೊಳಗೆ ಗೋಡೆಗೆ ಒರಗಿಸಿದ್ದೆವು. ಹೊಲಿದ ಪಟಗಳಲ್ಲಿ ಎಲ್ಲಕ್ಕಿಂತ ದೊಡ್ಡದು. ಅದರ ನಡುವೆ ಅವಳು ಒಂದು ನವಿಲು ಕೂರಿಸಿದ್ದಳು. ಯಜಮಾನರೊಬ್ಬರು ಅದನ್ನು ನೋಡಿ ‘ಇದು ಯಾರದಮ್ಮ?’ ಅಂದರು.

‘ಇಬ್ರುದೂ. ಅದ ಹಂಗೇ ಬುಡಿ, ಯಾರ ಕಡೆ ಇದ್ರೇನು’ ಅಂದಳು ಓರಗಿತ್ತಿ.

ಬಾಗಿಲು ಸಿಕ್ಕವಳಿಗೆ ಹಾಗೆ ಅನ್ನುವುದು ಸುಲಭ. ಯಜಮಾನರು ದನದ ಕೊಟ್ಟಿಗೆ ನೋಡಲು ಹೊರಗೆ ಹೋದರು. ಅವಳೂ ಹಿಂದೆ ಹೋದಳು. ನಾನು ಒಬ್ಬಳೇ ಇದ್ದೆ. ಕುಡುಗೋಲು ಕೈಗೆ ಸಿಕ್ಕಿತು. ನಟ್ಟ ನಡುವೆ, ನವಿಲಿನ ಮೇಲೆ ಎಳೆದೆ. ಮೇಣದ ಕಾಗದ ಹರಿಯುವಾಗ ಬಟ್ಟೆ ಹರಿದಷ್ಟೇ ಸದ್ದು. ನೆಟ್ಟ ಕಡ್ಡಿಯನ್ನು ಮೊಣಕಾಲಿಗೆ ಕೊಟ್ಟು ಮುರಿದೆ. ಎಲ್ಲಾ ಪಾಲಾಗುವಾಗ ಇದೂ ಆಗಲಿ ಅಂತ. ಅರ್ಧವನ್ನು ಅವಳ ಪಾಲಿನ ಕಡೆಗೆ ಎಸೆದೆ.

ಅತ್ತೆ ಪಾಲಿನ ಹೊತ್ತಿಗೆ ಮನೆಯಲ್ಲಿ ಇರುವುದಿಲ್ಲ ಅಂತ ಹೊಲಕ್ಕೆ ಹೋಗಿದ್ದಳು. ಸಂಜೆ ಬಂದು ಎರಡು ತುಂಡು ನೋಡಿದಳು. ಸುತ್ತ ಅಕ್ಕಪಕ್ಕದವರೂ ಇದ್ದರು.

‘ಇದ್ಯಾರ ಕೈಯಮ್ಮಿ ಮಾಡಿದ್ದು?’

ನಾನು ಬಾಯಿ ಬಿಡಲಿಲ್ಲ. ಗದ್ದ ಎತ್ತಿ ಓರಗಿತ್ತಿಯ ಕಡೆ ತೋರಿಸಿದೆ. ಅಷ್ಟೇ.

ಅವಳು ಕೂಗಾಡಿದಳು. ಮಕ್ಕಳ ಮೇಲೆ ಆಣೆ ಇಟ್ಟಳು. ಮಣ್ಣು ತೂರಿದಳು. ಅವಳು ಕೂಗಿದಷ್ಟೂ ಜನ ನಂಬಿದರು, ಅವಳೇ ಹರಿದದ್ದು ಅಂತ. ಕೂಗಿದವಳದ್ದೇ ತಪ್ಪು ಅನ್ನುವುದು ನಮ್ಮ ಊರಿನ ನ್ಯಾಯ. ನಾನು ಸುಮ್ಮನೆ ಇದ್ದೆ, ಅದಕ್ಕೆ ನಾನು ಒಳ್ಳೆಯವಳು. ಅತ್ತೆ ತನ್ನ ಚಾಪೆ ಸುತ್ತಿಕೊಂಡು ನಮ್ಮ ಪಾಲಿಗೆ ಬಂದಳು. ಆರು ವರ್ಷ ಬದುಕಿದಳು. ಕಿರಿಸೊಸೆ ಕೊಟ್ಟ ನೀರು ಮುಟ್ಟಲಿಲ್ಲ. ಸಾಯುವಾಗ ಅವಳು ಬಂದು ಬಾಯಿಗೆ ನೀರು ಬಿಡಲು ಹೋದಳು, ಮುದುಕಿ ತುಟಿ ಬಿಗಿದುಕೊಂಡಳು. ನಾನು ಪಕ್ಕದಲ್ಲೇ ನಿಂತು ನೋಡಿದೆ. ಆಗಲಾದರೂ ಹೇಳಬಹುದಿತ್ತು. ಹೇಳಲಿಲ್ಲ.

ಮೊದಲು ಅವಳಿಗೆ ‘ಪಟ ಹರಿದೋಳು’ ಅಂತ ಹೆಸರು ಬಿತ್ತು. ಆಮೇಲೆ ಮನೆಗೆ ಬಿತ್ತು. ಅವಳ ಮಗನಿಗೆ ಮಾಗಡಿ ಕಡೆಯಿಂದ ಒಂದು ಸಂಬಂಧ ಬಂದಿತ್ತು. ಹೆಣ್ಣಿನ ಕಡೆಯವರು ಬಸ್ಸು ಇಳಿದು ಮನೆ ಯಾವುದು ಅಂತ ಕೇಳಿದಾಗ ಆ ಹೆಸರು ಕಿವಿಗೆ ಬಿತ್ತು. ಯಾಕೆ ಹಾಗೆ ಕರೆಯುತ್ತಾರೆ ಅಂತ ವಿಚಾರಿಸಿದರು. ಅತ್ತೆಗೆ ಅನ್ನ ನೀರು ಸೇರದ ಹಾಗೆ ಮಾಡಿದವಳ ಮನೆಗೆ ಹೆಣ್ಣು ಕೊಡುವುದಿಲ್ಲ ಅಂತ ಕಾಫಿ ಕುಡಿದು ವಾಪಸ್ಸು ಹೋದರು. ಅವನಿಗೆ ಮದುವೆ ಆಗುವಾಗ ಮೂವತ್ನಾಲ್ಕು ತುಂಬಿತ್ತು.

ನಾನು ಪಟ ಮಾಡುವುದನ್ನು ಬಿಡಲಿಲ್ಲ. ಗಂಡ ಹೋದ ಮೇಲೆ ಇನ್ನೂ ಜಾಸ್ತಿ ಮಾಡಿದೆ. ಈಗ ಚಂದ್ರಿಕೆ ಹೋಗಿ ಪ್ಲಾಸ್ಟಿಕ್ಕಿನದು ಬಂದಿದೆ, ಆದರೆ ಹಳೆಯ ಚಂದ್ರಿಕೆ ಯಾರ ಅಟ್ಟದಲ್ಲಿದ್ದರೂ ಕೇಳಿ ತರುತ್ತೇನೆ. ಬಣ್ಣದ ಕಾಗದ ಕತ್ತರಿಸುವುದನ್ನೂ ಕಲಿತೆ. ಸೂತ್ರ ಒಂದು ಕಲಿಯಲಿಲ್ಲ. ಮೂವತ್ತು ವರ್ಷ ನನ್ನ ಪಟಗಳು ಏಳುವುದು, ಸುತ್ತುವುದು, ಕುಕ್ಕುವುದು. ಗೋಡೆಯ ಆ ಕಡೆ ಅವಳು ಎಲ್ಲವನ್ನೂ ನೋಡುತ್ತಿದ್ದಳು. ಪಟ ಬಿದ್ದಾಗೆಲ್ಲ ಜೋರಾಗಿ ಕೋಳಿ ಕರೆಯುತ್ತಿದ್ದಳು. ಅವಳ ಮನೆಯಲ್ಲಿ ಕೋಳಿ ಇರಲಿಲ್ಲ.

ಹೋದ ವರ್ಷ ಆಷಾಢಕ್ಕೆ ಮೊದಲು ಸೊಸೆ ನನ್ನ ಪಟಗಳ ಫೋಟೋ ತೆಗೆದು ಫೋನಿನಲ್ಲಿ ಹಾಕಿದಳು. ಕನಕಪುರದಲ್ಲಿ ಹುಡುಗರ ಒಂದು ಸಂಘದವರು ಪಟದ ಸ್ಪರ್ಧೆ ಇಟ್ಟಿದ್ದರು. ಅವರು ಫೋನು ಮಾಡಿದರು.

‘ಅತ್ತೆ, ಕೈಯಲ್ಲಿ ಮಾಡಿದ್ ಪಟನೇ ಬೇಕಂತೆ. ನೀವೇ ಬಂದು ಹಾರಿಸ್ಬೇಕಂತೆ’ ಅಂದಳು ಸೊಸೆ.

‘ಹಾರ್ಸಾದಾ? ತಕ್ಕೊಂಡೋಗಿ ನೇತಾಕ್ಕೊಳ್ಳಿ ಅನ್ನು.’

‘ಅಯ್ಯೋ, ಬತ್ತಾರೆ ಅಂದ್ಬುಟ್ಟೆ ನಾನು.’

ಬೇಡ ಅನ್ನಬಹುದಿತ್ತು. ಆಸೆಯಾಯಿತು. ಎಪ್ಪತ್ತಮೂರು ವರ್ಷಕ್ಕೆ ಒಂದು ಸಲ, ಗಂಡಸರು ಊರಲ್ಲಿರುವಾಗಲೇ, ನಾಲ್ಕು ಜನ ನೋಡುವ ಹಾಗೆ ನನ್ನ ಪಟ ಏಳಬೇಕು ಅನ್ನಿಸಿತು. ಅದಕ್ಕೆ ಸೂತ್ರ ಬೇಕು. ಸೂತ್ರ ಗೋಡೆಯ ಆ ಕಡೆ ಇತ್ತು. ಅವಳಿಗೆ ಲಕ್ವ ಹೊಡೆದು ಎಡಗೈ, ಎಡಗಾಲು ಬಿದ್ದುಹೋಗಿತ್ತು. ಅವಳು ಹೋದರೆ ಸೂತ್ರವೂ ಹೋಗುತ್ತದೆ. ಇಷ್ಟು ಲೆಕ್ಕ ಹಾಕಿಕೊಂಡೇ ಹೋದೆ. ಪ್ರೀತಿ ಉಕ್ಕಿ ಹೋಗಲಿಲ್ಲ.

ಜಗುಲಿಯ ಮೇಲೆ ಮಂಚ ಹಾಕಿಕೊಂಡು ಕೂತಿದ್ದಳು. ಪಟ ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ಮಾತು ಸ್ವಲ್ಪ ತೊದಲುತ್ತಿತ್ತು, ಚುಚ್ಚುವುದಕ್ಕೆ ಏನೂ ಕಮ್ಮಿ ಇರಲಿಲ್ಲ.

‘ಏನಕ್ಕ, ಪಟ ಹರಿದೋಳ ಮನೆಗೆ ಪಟ ಹಿಡ್ಕೊಂಡ್ ಬಂದಿದ್ದೀಯೆ? ಹರಿದ್ಬುಟ್ಟೇನು, ಹುಷಾರು.’

‘ಸೂತ್ರ ಕಟ್ಕೊಡು.’

‘ಮೂವತ್ ವರ್ಷಕ್ಕೆ ಬಂದು, ಹೆಂಗಿದ್ದೀಯೆ ಅಂತ ಕೇಳಾಕಿಲ್ವಾ?’

‘ಹೆಂಗಿದ್ದೀಯೆ ಅಂತ ಕಾಣ್ತಾ ಐತಲ್ಲ.’

ಅವಳು ನಕ್ಕಳು. ಮುಖದ ಒಂದು ಕಡೆ ಮಾತ್ರ ನಕ್ಕಿತು. ಅವಳ ಸೊಸೆ ಒಳಗಿನಿಂದ ಬಂದು ಬಾಗಿಲಲ್ಲಿ ಕೈಕಟ್ಟಿ ನಿಂತಳು.

‘ಕಟ್ತೀನಿ. ಕನಕಪುರದಲ್ಲಿ ಮೈಕ್ ಇರ್ತದಂತೆ. ಮೈಕಲ್ಲಿ ಹೇಳ್ಬೇಕು ನೀನು. ಸೂತ್ರ ನಮ್ಮ ಓರಗಿತ್ತಿ ಕಟ್ಟಿದ್ದು, ಅವತ್ತು ಪಟ ಹರಿದೋಳು ನಾನು ಅಂತ. ಎರಡೂ ಹೇಳ್ಬೇಕು.’

‘ಆಯ್ತು.’

‘ಗದ್ದದಲ್ಲಿ ತೋರ್ಸಿದ್ರೆ ಆಗಕ್ಕಿಲ್ಲ. ಬಾಯಲ್ಲಿ.’

‘ಆಯ್ತು ಅಂದ್ನಲ್ಲ.’

ಬಲಗೈಯಲ್ಲಿ, ಹಲ್ಲಿನಲ್ಲಿ ಕಟ್ಟಿದಳು. ದಾರದ ತುದಿ ಕಚ್ಚಿ ಎಳೆದು ಗಂಟು ಬಿಗಿಯುವಾಗ ಜೊಲ್ಲು ಸೋರುತ್ತಿತ್ತು, ಸೊಸೆ ಒರೆಸಿದಳು. ಪಟವನ್ನು ತೊಡೆಯ ಮೇಲೆ ಇಟ್ಟು ಎತ್ತಿ, ಇಳಿಸಿ, ಮತ್ತೆ ಗಂಟು ಬಿಚ್ಚಿ ಅರ್ಧ ಬೆರಳು ಜರುಗಿಸಿದಳು. ಅಷ್ಟು ಹೊತ್ತೂ ನಾನು ಕಣ್ಣು ಕೀಳದೆ ನೋಡಿದೆ. ಮನೆಗೆ ಬಂದವಳೇ ಮೇಲಿನ ದಾರ ಎಷ್ಟು, ಕೆಳಗಿನ ದಾರ ಎಷ್ಟು, ಗೇಣು ಹಾಕಿ ಅಳೆದು ಬಾಗಿಲ ಚೌಕಟ್ಟಿನ ಮೇಲೆ ಇದ್ದಿಲಲ್ಲಿ ಗೀರು ಹಾಕಿದೆ. ಇನ್ನು ಇವಳ ಹಂಗಿಲ್ಲ ಅಂದುಕೊಂಡೆ.

ಕನಕಪುರದಲ್ಲಿ ಪಟ ಎದ್ದಿತು. ಸುಳ್ಳು ಹೇಳುವುದಿಲ್ಲ, ಅಷ್ಟು ಚೆನ್ನಾಗಿ ನಮ್ಮ ಹೊಲದಲ್ಲೂ ಎದ್ದಿರಲಿಲ್ಲ. ಒಂದು ಕಡೆಗೆ ವಾಲಲಿಲ್ಲ, ಸುತ್ತಲಿಲ್ಲ. ದಾರ ಅಂಗೈ ಕುಯ್ಯುವಷ್ಟು ಎಳೆಯಿತು. ಅಂಗಡಿಯಿಂದ ತಂದ ಪ್ಲಾಸ್ಟಿಕ್ ಪಟ ಹಿಡಿದಿದ್ದ ಹುಡುಗರು ಕತ್ತೆತ್ತಿ ನಿಂತರು. ಆಮೇಲೆ ನನ್ನನ್ನು ಸ್ಟೇಜಿಗೆ ಕರೆದರು. ಶಾಲು ಹೊದಿಸಿ ಪೇಟ ಇಟ್ಟರು. ಪೇಟ ದೊಡ್ಡದಾಗಿ ಕಣ್ಣಿನ ಮೇಲೆ ಇಳಿಯುತ್ತಿತ್ತು. ಮೈಕು ಹಿಡಿದ ಹುಡುಗ ಬಗ್ಗಿ ಕೇಳಿದ.

‘ಅಜ್ಜಿ, ಇದನ್ನ ಯಾರಿಂದ ಕಲಿತ್ರಿ?’

‘ಯಾರಿಂದ್ಲೂ ಇಲ್ಲ. ನಾನೇ.’

ಜನ ಚಪ್ಪಾಳೆ ತಟ್ಟಿದರು. ಹುಡುಗ ಮೈಕು ತೆಗೆದುಕೊಳ್ಳಲಿಲ್ಲ, ಇನ್ನೂ ಏನಾದರೂ ಹೇಳಿ ಅಂದ. ಅವನನ್ನು ದೂರುವ ಹಾಗಿಲ್ಲ. ಹೊತ್ತು ಕೊಟ್ಟ. ‘ಏನೂ ಇಲ್ಲ ಕಣಪ್ಪ’ ಅಂದು ಇಳಿದೆ. ಮರೆತು ಹೋಯಿತು ಅಂತ ಬರೆಯಬಹುದು. ಮರೆತಿರಲಿಲ್ಲ. ಆ ಶಾಲು ಹೊದ್ದುಕೊಂಡು ನಾನು ಪಟ ಹರಿದವಳು ಅನ್ನಲು ಬಾಯಿ ಬರಲಿಲ್ಲ. ಅಳತೆ ಹೇಗೂ ನನ್ನ ಬಾಗಿಲ ಮೇಲಿತ್ತು.

ನಾವು ಊರಿಗೆ ಬರುವಷ್ಟರಲ್ಲಿ ಸ್ಟೇಜಿನ ಮೇಲೆ ನಾನಾಡಿದ ಮಾತಿನ ವಿಡಿಯೋ ಎಲ್ಲರ ಫೋನಿಗೂ ಬಂದಿತ್ತು. ಅವಳ ಮನೆಯಲ್ಲೂ ನೋಡಿದರು. ಜಗಳಕ್ಕೆ ಬರುತ್ತಾಳೆ ಅಂತ ನಾನು ಮಾತು ಜೋಡಿಸಿ ಇಟ್ಟುಕೊಂಡಿದ್ದೆ. ಅವಳು ಬರಲಿಲ್ಲ. ಆ ಕಡೆಯಿಂದ ಒಂದು ಸದ್ದೂ ಇಲ್ಲ. ಮೂವತ್ತು ವರ್ಷ ಕರೆದ ಕೋಳಿಯನ್ನೂ ಕರೆಯಲಿಲ್ಲ.

ಹತ್ತು ದಿನಕ್ಕೆ ಮಾಗಡಿಯ ಒಂದು ಸಂಘದವರು ಕೇಳಿದರು, ನಮ್ಮಲ್ಲೂ ಬಂದು ಹಾರಿಸಿ ಅಂತ. ಹೊಸ ಪಟ ಮಾಡಿದೆ. ಚೌಕಟ್ಟಿನ ಗೀರಿನ ಮೇಲೆ ದಾರ ಇಟ್ಟು ಅಳೆದು, ಒಂದು ಕೂದಲೂ ಹೆಚ್ಚು ಕಮ್ಮಿ ಆಗದ ಹಾಗೆ ಸೂತ್ರ ಕಟ್ಟಿದೆ. ಹಿತ್ತಿಲಲ್ಲಿ ಎತ್ತಿದೆ. ಎದ್ದಿತು, ಸುತ್ತಿತು, ಕುಕ್ಕಿತು. ಇನ್ನೊಂದು ಮಾಡಿದೆ. ಅದೂ ಕುಕ್ಕಿತು. ಕನಕಪುರದ ಪಟದ ಸೂತ್ರವನ್ನೇ ಬಿಚ್ಚಿ ಮೂರನೆಯದಕ್ಕೆ ಕಟ್ಟಿದೆ. ಅದು ಏಳಲೇ ಇಲ್ಲ. ಬಿಚ್ಚಿದ್ದನ್ನು ವಾಪಸ್ಸು ಹಳೆಯದಕ್ಕೆ ಕಟ್ಟಿದರೆ ಅದೂ ಕೆಟ್ಟುಹೋಯಿತು. ಮಾಗಡಿಯವರಿಗೆ ಸೊಂಟ ನೋವು ಅಂತ ಹೇಳಿಸಿದೆ.

ಮತ್ತೆ ಅವಳ ಜಗುಲಿಗೇ ಹೋದೆ. ಅವಳ ಸೊಸೆ ಅಡ್ಡ ನಿಂತಳು. ‘ಇನ್ನೇನ್ ಹೊತ್ಕೊಂಡೋಗಾಕ್ ಬಂದ್ರಿ ದೊಡ್ಡತ್ತೆ?’ ಅಂದಳು. ಅವಳು ಹಾಗೆ ಕೇಳಿದ್ದರಲ್ಲಿ ತಪ್ಪಿಲ್ಲ. ಒಳಗಿನಿಂದ ಓರಗಿತ್ತಿ ‘ಬುಡಮ್ಮಿ, ಬರ್ಲಿ’ ಅಂದಳು.

‘ಮೂರು ಬಿದ್ವು’ ಅಂದಳು ನನ್ನನ್ನು ನೋಡಿ.

‘ನೋಡ್ದಾ?’

‘ಕಣ್ಣಿಗೆ ಲಕ್ವ ಹೊಡ್ದಿಲ್ಲ. ಅಳತೆ ತಗೊಂಡಿದ್ಯಾ?’

ನಾನು ಬೆರಳಿಗೆ ಹತ್ತಿದ್ದ ಇದ್ದಿಲನ್ನು ಸೆರಗಿಗೆ ಒರೆಸಿಕೊಂಡೆ.

‘ತಗೊಂಡಿರ್ತೀಯೆ. ಅಳತೆಯಲ್ಲಿ ಏನೂ ಇಲ್ಲ ಕಣಕ್ಕ. ನೀನು ಸೀಳಾ ಕಡ್ಡಿ ಒಂದು ದಪ್ಪ, ಒಂದು ಸಣ್ಣ. ಒಂದು ಪಟ ಬಲಕ್ಕೆ ತೂಕ, ಒಂದು ಮೂತಿಗೆ ತೂಕ. ಒಂದೊಂದನ್ನೂ ದಾರದಲ್ಲಿ ಎತ್ತಿ ಹಿಡಿದು ನೋಡ್ಬೇಕು, ಅದು ಎತ್ಲಾಗ್ ವಾಲ್ತದೆ ಅಂತ. ಒಂದಕ್ಕೆ ಕಟ್ಟಿದ್ದು ಇನ್ನೊಂದಕ್ಕೆ ಬರಾಕಿಲ್ಲ.’

‘ಅವತ್ತೇ ಹೇಳ್ಬೌದಿತ್ತು.’

‘ನೀನೂ ಹೇಳ್ಬೌದಿತ್ತು.’

ಅವಳು ಮುಂದೆ ಹೇಳಿದ್ದನ್ನು ಮಾತ್ರ ಮೆತ್ತಗೆ ಹೇಳಿದಳು.

‘ನನ್ಗೆ ಪಟ ಬ್ಯಾಡ, ಕನಕಪುರಾನೂ ಬ್ಯಾಡ. ಮೊಮ್ಮಗಳ ಸ್ಕೂಲಲ್ಲೂ ಹಂಗೇ ಕರೀತಾರಂತೆ, ಪಟ ಹರಿದೋರ ಮನೆ ಹುಡ್ಗಿ ಅಂತ. ನಾನ್ ಸತ್ ಮ್ಯಾಲೂ ಇರ್ತದೆ ಅದು. ಹೇಳ್ಬುಟ್ಟು ಬಾ. ಬದುಕಿರಾಗಂಟ ಕಟ್ತೀನಿ.’

ಮಾರನೆಯ ದಿನ ಬೆಳಗ್ಗೆ ಹಾಲಿನ ಡೈರಿಗೆ ಹೋದೆ. ನಮ್ಮ ಊರಿನಲ್ಲಿ ಎಲ್ಲರೂ ಒಂದು ಕಡೆ ಸಿಗುವುದು ಅಲ್ಲೇ. ಇಪ್ಪತ್ತು, ಇಪ್ಪತ್ತೈದು ಜನ ಕ್ಯಾನು ಹಿಡಿದು ಸಾಲಾಗಿ ನಿಂತಿದ್ದರು. ನನ್ನ ಹಾಲು ಅಳೆದಾದ ಮೇಲೆ ಅಲ್ಲೇ ಕಟ್ಟೆಯ ಮೇಲೆ ಹತ್ತಿ ನಿಂತೆ.

‘ಒಸಿ ಕೇಳ್ರಪ್ಪ. ಪಾಲಾದ ದಿನ ಪಟ ಹರಿದೋಳು ನನ್ನ ಓರಗಿತ್ತಿ ಅಲ್ಲ. ನಾನು. ನಾನು ಹರಿದು ಅವಳ ಮ್ಯಾಲೆ ಹಾಕ್ದೆ.’

ಹಾಲು ಅಳೆಯುವ ಹುಡುಗಿ ತಲೆ ಎತ್ತಿದಳು.

‘ಯಾವ ಪಟ ಅಜ್ಜಿ? ಕನಕಪುರದ್ದಾ? ಹರಿದೋಯ್ತಾ?’

‘ಅದಲ್ಲ ಕಣಮ್ಮಿ. ಪಾಲಾದಾಗ. ಮೂವತ್ ವರ್ಷ ಆಯ್ತು.’

‘ನಾನ್ ಹುಟ್ಟೇ ಇರ್ಲಿಲ್ಲ ಬುಡಿ’ ಅಂದಳು. ಮುಂದಿನವರ ಕ್ಯಾನು ಎಳೆದುಕೊಂಡಳು.

ಹಿಂದಿದ್ದ ಒಬ್ಬ ಕೇಳಿದ, ‘ಯಾರ ಮನೆ ವಿಚಾರ?’

‘ಪಟ ಹರಿದೋರ ಮನೇದು’ ಅಂದಳು ಅವನ ಮುಂದಿದ್ದವಳು. ನಾನು ಹೇಳಿದ ಮಾತು ಇನ್ನೂ ಅವಳ ಕಿವಿಯಲ್ಲಿರಬೇಕು, ಆಗಲೇ ಹಾಗಂದಳು.

‘ಹಂಗ್ ಕರೀಬ್ಯಾಡಿ ಅಂತಾನೇ ಹೇಳ್ತಾ ಇರಾದು!’

‘ಕರುದ್ರೇನಜ್ಜಿ ತಪ್ಪು? ಹೆಸ್ರು ಚೆನ್ನಾಗೇ ಐತೆ. ಗ್ಯಾಸ್‌ನೋರಿಗೂ ಹಂಗೇ ಹೇಳಾದು, ಇಲ್ದಿದ್ರೆ ಅವ್ರಿಗೆ ಮನೆ ಸಿಗಾಕಿಲ್ಲ.’

ಪಾಲಿನ ದಿನ ಇದ್ದವರಲ್ಲಿ ಒಬ್ಬ ಮುದುಕ ಮಾತ್ರ ಆ ಸಾಲಿನಲ್ಲಿದ್ದ. ಅವನಿಗೆ ಕಿವಿ ಕೇಳುವುದಿಲ್ಲ. ಹತ್ತಿರ ಹೋಗಿ ಕಿವಿಯಲ್ಲಿ ಕೂಗಿದೆ. ಅವನು ತಲೆ ಆಡಿಸಿ, ‘ಹ್ಞೂ, ನಿನ್ ಓರಗಿತ್ತಿ ಘಾಟಿ. ಚೆನ್ನಾಗಿದ್ ಪಟ ಹರಿದ್ಬುಟ್ಲು’ ಅಂದ.

ವಾಪಸ್ಸು ಬಂದು ಅವಳ ಜಗುಲಿಯಲ್ಲಿ ಕೂತೆ. ಖಾಲಿ ಕ್ಯಾನು ಪಕ್ಕದಲ್ಲಿಟ್ಟೆ.

‘ಹೇಳ್ದೆ.’

‘ಯಾರ್ಗೆ?’

‘ಡೈರೀಲಿ, ಎಲ್ರಿಗೂ.’

‘ಏನಂದ್ರು?’

‘ಯಾವ ಪಟ ಅಂದ್ರು.’

ಬೈಯುತ್ತಾಳೆ ಅಂದುಕೊಂಡೆ. ಬೈದಿದ್ದರೆ ನನಗೂ ಹಗುರ ಆಗುತ್ತಿತ್ತು.

‘ಅತ್ತೆ ಇದ್ದಾಗ ಹೇಳ್ಬೇಕಿತ್ತು ಕಣಕ್ಕ’ ಅಂದಳು. ‘ಆ ಮುದ್ಕಿ ಒಬ್ಳು ನಂಬಿದ್ರೆ ಸಾಕಾಗಿತ್ತು.’

ಅವಳ ಸೊಸೆ ಎರಡು ಲೋಟ ಟೀ ತಂದಿಟ್ಟಳು. ನನ್ನದಕ್ಕೆ ಸಕ್ಕರೆ ಹಾಕಿರಲಿಲ್ಲ, ಬೇಕಂತಲೇ. ಕುಡಿದೆ.

‘ಪಟ ತತ್ತಾ’ ಅಂದಳು ಓರಗಿತ್ತಿ. ‘ಮಾತು ಕೊಟ್ಟಿದ್ದೀನಿ, ಕಟ್ತೀನಿ.’

ತಂದುಕೊಟ್ಟೆ. ಬಿದ್ದ ಮೂರರಲ್ಲಿ ಒಂದನ್ನು. ಅವಳು ಬಲಗೈಯಲ್ಲಿ ದಾರ ಹಿಡಿದು ಎತ್ತಲು ಹೋದಳು. ಕೈ ಭುಜದ ಮಟ್ಟಕ್ಕೂ ಬರಲಿಲ್ಲ, ನಡುಗಿ ಇಳಿಯಿತು. ಇನ್ನೊಂದು ಸಲ ಎತ್ತಿದಳು. ನಾನು ಕೈ ಕೊಡಲು ಹೋದರೆ, ‘ನೀನ್ ಹಿಡುದ್ರೆ ನನ್ಗೆ ತೂಕ ಗೊತ್ತಾಗಕ್ಕಿಲ್ಲ, ಬುಡು’ ಅಂತ ತಳ್ಳಿದಳು. ಮೂರನೇ ಸಲಕ್ಕೆ ಪಟವನ್ನು ಮಂಚದ ಮೇಲೆ ಕೆಡವಿ ಉಸಿರು ಬಿಟ್ಟಳು.

‘ನಾಳೆ ಬಾ’ ಅಂದಳು.

ಮಾರನೆಯ ದಿನ ಹೋದೆ. ಅದರ ಮಾರನೆಯ ದಿನವೂ ಹೋದೆ. ಈಗಲೂ ದಿನಾ ಡೈರಿಯಿಂದ ಬರುತ್ತಾ ಹೋಗುತ್ತೇನೆ. ಅವಳು ಪಟ ಎತ್ತಲು ನೋಡುತ್ತಾಳೆ, ಆಗುವುದಿಲ್ಲ, ನಾಳೆ ಬಾ ಅನ್ನುತ್ತಾಳೆ. ಒಂದೊಂದು ದಿನ ಎತ್ತುವುದೂ ಇಲ್ಲ. ಅವಳ ಸೊಸೆ ಇನ್ನೂ ನನ್ನ ಟೀಗೆ ಸಕ್ಕರೆ ಹಾಕುವುದಿಲ್ಲ. ನಾನು ಕೇಳುವುದೂ ಇಲ್ಲ.